ಹರಿಣಾಕ್ಷಿಯ ಕಂಪ್ಯೂಟರೊಳಗಿನ ನೀರು

ಬೀಜಾಡಿಯ ಹರಿಣಾಕ್ಷಿಗೆ ಗಟ್ಟಿಯಾಗಿ ಓದುವ ಅಭ್ಯಾಸ ಹತ್ತಿದ್ದು ಅಪ್ಪನಿಂದ. ಮೀನುಗಾರಿಕೆಯ ದೋಣಿಗೆ ಹೋಗುತ್ತಿದ್ದ ಅಪ್ಪ ಕೊರಗನಿಗೆ ನಡುವಯಸ್ಸಿನಲ್ಲೇ ಕಣ್ಣು ಮಂಜಾಯಿತು. ಅಮ್ಮ ಮೀನಿನ ಬುಟ್ಟಿ ಹೊತ್ತು ಮಾರಲು ಹೋದ ಮೇಲೆ ಮಗಳು ಅಪ್ಪನ ಪಕ್ಕ ಕೂತು ಪೇಪರ್ ಓದಬೇಕು. ಹವಾಮಾನದಿಂದ ಹಿಡಿದು ನಿಧನವಾರ್ತೆಯವರೆಗೆ ಒಂದಕ್ಷರ ಬಿಡುವ ಹಾಗಿರಲಿಲ್ಲ. “ನುಂಗ್ಬೇಡ ಹೆಣೆ, ಸಮ ಓದ್” ಎನ್ನುತ್ತಿದ್ದ.

ಅಪ್ಪ ಹೋಗಿ ವರ್ಷಗಳಾದವು. ಹರಿಣಾಕ್ಷಿ ಈಗ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡಿ ಜೀವನ ನಡೆಸುತ್ತಾಳೆ. ಆದರೆ ಬೆಳಗಿನ ಹೊತ್ತು ಮಾತ್ರ ಓದಿಗೆ ಮೀಸಲು. ಬಾಗಿಲು ಹಾಕಿಕೊಂಡು, ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುತ್ತಾಳೆ.

ಮೊದಲಿದ್ದ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಒದರುತ್ತಿತ್ತು. ಮುಂಬಯಿಯಲ್ಲಿ ಸ್ಟುಡಿಯೊ ಮುಚ್ಚಿದ ದೊಡ್ಡಮ್ಮನ ಮಗ ರತನ್ ತನ್ನ ಹಳೆಯ ಕಂಪ್ಯೂಟರನ್ನು ಅವಳಿಗೇ ಕೊಟ್ಟ. ಅದು ನೀರಿನಿಂದ ತಣಿಯುವಂಥದ್ದು. ಪುಟ್ಟ ಪಂಪೊಂದು ಕೊಳವೆಗಳಲ್ಲಿ ನೀರು ಓಡಿಸುತ್ತದೆ. ಪ್ರೊಸೆಸರಿನ ಮೇಲೆ ಕೂತ ತಾಮ್ರದ ಬಿಲ್ಲೆಯಿಂದ ಬಿಸಿ ಹೊತ್ತ ನೀರು ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಮರಳುತ್ತದೆ. ಸದ್ದೇ ಇಲ್ಲ. ಹರಿಣಾಕ್ಷಿಗೆ ಹಬ್ಬವೇ ಆಯಿತು.

ವರ್ಷ ಕಳೆದಿರಬೇಕು. ಒಂದು ದಿನ ಬೈಂದೂರಿನಿಂದ ಸುರಕ್ಷಾ ಫೋನ್ ಮಾಡಿದಳು. ಹರಿಣಾಕ್ಷಿ ಕಳಿಸುವ ಪಾಠ ಕೇಳಿ ಶಿಕ್ಷಕಿಯಾಗಲು ಪರೀಕ್ಷೆಗೆ ಓದುತ್ತಿದ್ದ, ಹುಟ್ಟಿನಿಂದ ದೃಷ್ಟಿಯಿಲ್ಲದ ಹುಡುಗಿ. ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾದವರಲ್ಲ.

“ಅಕ್ಕಾ, ಬೇಜಾರ್ ಮಾಡ್ಕಣ್ಬೇಡಿ. ನಿಮ್ಮ ಸ್ವರದ್ ಹಿಂದೆ ಎಂತದೋ ಗುಳುಗುಳು ಅಂತ ಕೇಣ್ತಿತ್ತ್.”

“ಫ್ಯಾನ್ ಇರ್ಕ್ ಮಾರಾಯ್ತಿ.”

“ಫ್ಯಾನ್ ಅಲ್ಲ ಅಕ್ಕ, ನೀರಿನ್ ಶಬ್ದ. ಮುಂಚಿನ ಪಾಠದಂಗೆ ಇರ್ಲಿಲ್ಲೆ.”

ಹರಿಣಾಕ್ಷಿ ಕಂಪ್ಯೂಟರಿನ ಹತ್ತಿರ ಕಿವಿಗೊಟ್ಟು ಕೇಳಿದಳು. ಅವಳಿಗೇನೂ ಗೊತ್ತಾಗಲಿಲ್ಲ. ಆದರೂ ಹುಡುಗಿ ಸುಮ್ಮನೆ ಹೇಳುವವಳಲ್ಲ ಎಂದು ಕೋಟದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯೋಗೀಶನಿಗೆ ಹೇಳಿಕಳಿಸಿದಳು.

ಯೋಗೀಶ ಬಂದು ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ. ನೀರಿನ ಮಟ್ಟ ಇಳಿದು ಪಂಪಿಗೆ ಗಾಳಿ ಸೇರಿತ್ತು, ಗುಳುಗುಳು ಅದರದೇ. ಕೊಳವೆಯೊಳಗೆ ಪಾಚಿಬಣ್ಣದ ಲೋಳೆ ಹಿಡಿದಿತ್ತು.

“ಹ್ವಾಯ್ ಹರಿಣಾಕ್ಷಕ್ಕ, ಇದ್ರೊಳ್ಗೆ ಎಂತ ನೀರ್ ಹಾಕಿದ್ರಿ?”

“ಕಮ್ಮಿ ಆಯಿತ್ತಂದೇಳಿ ನಮ್ಮ ಬಾವಿದೇ ಹಾಕ್ದೆ. ಚೊಕ್ಕ ನೀರೇ ಅಲ್ದಾ?”

“ಕುಡಿಯುಕೆ ಚೊಕ್ಕವೇ. ಆರೆ ಸಮುದ್ರದ್ ಬದಿ ಬಾವಿ, ಉಪ್ಪಿನಂಶ ಇರತ್ತ್. ಲೋಹಕ್ಕೆ ಅದ್ ಆಪುದಿಲ್ಲೆ.”

ನೀರೆಲ್ಲ ಬಸಿದು ಕೊಳವೆ ಬಿಚ್ಚುವಾಗ ಯೋಗೀಶನ ಕೈ ನಿಂತಿತು. ಕೊಳವೆ ಕೂಡುವ ಒಂದು ಜೋಡಣೆ ಮಾತ್ರ ಅಲ್ಯೂಮಿನಿಯಮ್ಮಿನದು. ಯಾರು ಯಾವಾಗ ಹಾಕಿದ್ದೋ. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ. ಉಪ್ಪುನೀರು ಸೇರಿ ಅದನ್ನು ಇನ್ನೂ ಬೇಗ ತಿಂದಿತ್ತು. ಉಗುರಿನಿಂದ ಒತ್ತಿದರೆ ಪುಡಿ ಉದುರಿತು.

“ಇನ್ನ್ ಸ್ವಲ್ಪ ದಿನ ಬಿಟ್ಟಿದ್ರೆ ಬೋರ್ಡಿನ್ ಮೇಲೇ ಚೆಲ್ತಿತ್ತ್. ಪೂರಾ ಹೋಗ್ತಿತ್ತ್” ಎಂದ ಯೋಗೀಶ.

ಹರಿಣಾಕ್ಷಿ ಓದಿಟ್ಟ ಪಾಠಗಳೆಲ್ಲ ಅದರೊಳಗಿದ್ದವು.

ಬದಲಿ ಹಿತ್ತಾಳೆಯ ಜೋಡಣೆಯನ್ನು ರತನ್ ಮುಂಬಯಿಯಿಂದ ಕಳಿಸಿದ. ಅದು ಬರುವವರೆಗೆ ಹರಿಣಾಕ್ಷಿ ಸುರಕ್ಷಾಳಿಗೆ ಫೋನಿನಲ್ಲೇ ಪಾಠ ಓದಿ ಹೇಳಿದಳು. ಜೋಡಣೆ ಕೈಸೇರಿದ ದಿನ ಹರಿಣಾಕ್ಷಿ, ಯೋಗೀಶ ಇಬ್ಬರೂ ಜಗಲಿಯಲ್ಲಿ ಕೂತರು. ಯೋಗೀಶ ರೇಡಿಯೇಟರಿಗೆ ಬಿಸಿನೀರಿನಲ್ಲಿ ಸ್ವಲ್ಪ ವಿನೆಗರ್ ಬೆರೆಸಿ ತುಂಬಿ ಸ್ವಲ್ಪ ಹೊತ್ತು ಹಾಗೇ ಇಟ್ಟ. ಆಮೇಲೆ ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿನಲ್ಲಿ ಮತ್ತೆ ಮತ್ತೆ ತೊಳೆದ. ತಾಮ್ರದ ಬಿಲ್ಲೆಯನ್ನು ಹರಿಣಾಕ್ಷಿಯೇ ಕೈಗೆತ್ತಿಕೊಂಡು, ಕೂದಲೆಳೆಯಂಥ ಸಂದುಗಳನ್ನು ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಳು. ಒಳಗಿನ ತಾಮ್ರ ಕೆಂಪಗೆ ಹೊಳೆದಾಗ ಅವಳ ಮುಖವೂ ಅರಳಿತು.

ತುಕ್ಕು ಹಿಡಿಯದಂತೆ ತಡೆಯುವ ದ್ರಾವಣ ಬೆರೆಸಿದ ನೀರನ್ನು ತುಂಬಿದರು. ಕಂಪ್ಯೂಟರ್ ಚಾಲೂ ಮಾಡದೆ ಪಂಪನ್ನಷ್ಟೇ ಓಡಿಸಿ, ಪ್ರತಿ ಜೋಡಣೆಯ ಕೆಳಗೂ ಕಾಗದ ಇಟ್ಟು ಸಂಜೆಯವರೆಗೆ ಕಾದರು. ಒಂದು ಕಾಗದವೂ ಒದ್ದೆಯಾಗಲಿಲ್ಲ.

“ವರ್ಷಕ್ಕೊಂದ್ಸಲ ಈ ನೀರ್ ಬದ್ಲ್ ಮಾಡ್ಕ್. ಬಾವಿ ನೀರ್ ನಿಮ್ಗೆ, ಇದ್ಕ್ ಬೇಡ” ಎಂದು ನಗುತ್ತ ಯೋಗೀಶ ಬೈಕ್ ಹತ್ತಿದ.

ಸುರಕ್ಷಾಳ ಪರೀಕ್ಷೆ ಮುಗಿದ ಮೇಲೆ ಹರಿಣಾಕ್ಷಿ ರೈಲು ಹಿಡಿದು ಬೈಂದೂರಿಗೆ ಹೋದಳು. ಬೀದಿಯಲ್ಲಿ ಯಾರನ್ನೋ ಮನೆ ವಿಚಾರಿಸುತ್ತಿದ್ದಾಗಲೇ ಪಕ್ಕದ ಮನೆಯೊಳಗಿನಿಂದ ಸುರಕ್ಷಾಳ ಕೂಗು ಬಂತು: “ಅಮ್ಮಾ, ಹರಿಣಾಕ್ಷಕ್ಕ ಬಂದ್ರ್!”

ಹರಿಣಾಕ್ಷಿ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. “ನೀ ಹೇಳ್ದೆ ಇದ್ರೆ ನನ್ ಕೆಲ್ಸವೇ ನಿಲ್ತಿತ್ತ್ ಸುರಕ್ಷಾ” ಎಂದು ಹೇಳಿದಳು.

“ನೀವ್ ಓದ್ದೆ ಇದ್ರೆ ನಾ ಪರೀಕ್ಷೆಗೆ ಕೂಕಂತಿರ್ಲಿಲ್ಲೆ ಅಕ್ಕ” ಎಂದಳು ಸುರಕ್ಷಾ.

ಅವಳ ತಾಯಿ ಚಂದ್ರಾವತಿ ಬಿಸಿ ನೀರ್‌ದೋಸೆಯ ತಟ್ಟೆ ತಂದಿಟ್ಟರು. ಹೊಟ್ಟೆ ತುಂಬಿತು, ಮಾತು ಮುಗಿಯಲಿಲ್ಲ. ಮಧ್ಯಾಹ್ನದ ರೈಲು ಹೋಗಿಯೇಬಿಟ್ಟಿತು. ಹರಿಣಾಕ್ಷಿಗೆ ಅದರ ಚಿಂತೆಯಿರಲಿಲ್ಲ.