ನಾಲ್ಕಿಂಚು ಸಡಿಲ

ಕಳೆದ ವಾರ ಹತ್ತಿ ಸೀರೆಯೊಂದಕ್ಕೆ ಇಸ್ತ್ರಿ ಮಾಡುತ್ತಿದ್ದೆ. ಫೋನ್ ಬಂತು, ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಎದ್ದೆ. ವಾಪಸು ಬರುವಷ್ಟರಲ್ಲಿ ಸೆರಗಿನ ಹತ್ತಿರ ಕಂದು ಗುರುತು, ಗಂಜಿ ಸುಟ್ಟ ತುಸು ಸಿಹಿಯಾದ ವಾಸನೆ. ಸೀರೆ ಹಾಳಾಯಿತಲ್ಲ ಅನ್ನುವ ಮೊದಲೇ ನೆನಪಾದವರು ದಾವಣಗೆರೆಯ ಟೈಲರ್ ಚಾಚಾ. ಅವರ ಅಂಗಡಿಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು... ಅಥವಾ ಒಂದೇ ಒಂದು ದಿನ ಇತ್ತೋ, ನಾನು ಅದನ್ನು ಎಲ್ಲ ದಿನಗಳಿಗೂ ಹಚ್ಚಿಕೊಂಡಿದ್ದೇನೋ.

ಅವರ ಬಗ್ಗೆ ಈ ಮೊದಲು ಎರಡು ಸಲ ಬರೆದಿದ್ದೇನೆ, ಕಥೆ ಎಂದು ಕರೆದು. ಎರಡರಲ್ಲೂ ನಾನು ಒಳ್ಳೆಯವಳು. ಹಾಗಾಗಿ ಎರಡನ್ನೂ ನಂಬಬೇಡಿ. ಇದನ್ನೂ ಪೂರ್ತಿ ನಂಬಬೇಕಿಲ್ಲ. ಆದರೆ ಈ ಸಲ ನಾನು ಮಾಡಿದ್ದನ್ನು ಬಿಟ್ಟು ಬರೆಯುತ್ತಿಲ್ಲ.

ಚೌಕಿಪೇಟೆಯಲ್ಲಿ ಅಪ್ಪಾಜಿಯದು ಸೀರೆ ಅಂಗಡಿ. ಅದರ ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಚಾಚಾ ಹೊಲಿಯುತ್ತಿದ್ದರು. ಕೆಳಗೆ ಸೀರೆ ಕೊಂಡವರನ್ನು ಅಪ್ಪಾಜಿ ಬ್ಲೌಸಿಗೆ, ಫಾಲ್ ಹಾಕಿಸುವುದಕ್ಕೆ ಮೇಲೆ ಕಳಿಸುತ್ತಿದ್ದರು. ಚಾಚಾ ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿದವರಲ್ಲ. ಟೇಪು ಸದಾ ಕೊರಳಲ್ಲಿ ಇರುತ್ತಿತ್ತು, ಆದರೆ ಅಳೆಯುತ್ತಿದ್ದದ್ದು ಬಟ್ಟೆಯನ್ನು. ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನೋ ಚೂಡಿದಾರವನ್ನೋ ಒಯ್ದು ಕೊಡಬೇಕು. ಅದನ್ನು ಮೇಜಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಚೂಡಿದಾರಕ್ಕೆ ಮೈಯಳತೆಗಿಂತ ನಾಲ್ಕಿಂಚು ಸಡಿಲ ಬಿಡುವುದು ಅವರ ರೂಢಿ. “ಬಟ್ಟಿ ಒಳಗೆ ಗಾಳಿ ಆಡ್ಬೇಕವ್ವ” ಅನ್ನುತ್ತಿದ್ದರು. ಊರಿನ ಎಷ್ಟೋ ತಾಯಂದಿರು ಅವರನ್ನು ನಂಬಿದ್ದು ಆ ನಾಲ್ಕಿಂಚಿಗಾಗಿಯೇ.

ತೊಂಬತ್ತರ ದಶಕದ ಕೊನೆ ಅದು. ಮನೆಮನೆಗೆ ಕೇಬಲ್ ಬಂದಿತ್ತು. ಒಂದು ಹೊಸ ಚಾನೆಲ್ಲು ಮಾಡೆಲಿಂಗ್ ಸ್ಪರ್ಧೆ ನಡೆಸುತ್ತೇವೆ, ರಾಜ್ಯದಿಂದ ಎಂಟು ಹುಡುಗಿಯರನ್ನು ಆರಿಸುತ್ತೇವೆ ಎಂದು ಜಾಹೀರಾತು ಕೊಟ್ಟಿತು. ಇಂಥ ಕಡೆ ಮಗಳು ಹಟ ಮಾಡುವುದು, ಅಪ್ಪ ಬೇಡವೆನ್ನುವುದು ವಾಡಿಕೆ. ನಮ್ಮ ಮನೆಯಲ್ಲಿ ಉಲ್ಟಾ ಆಯಿತು. ಬಿ.ಎ. ಎರಡನೇ ವರ್ಷದಲ್ಲಿದ್ದ ನನಗೆ ಬೇಡವಾಗಿತ್ತು, ಅಪ್ಪಾಜಿಗೆ ಬೇಕಾಗಿತ್ತು. ಮಗಳು ಟೀವಿಯಲ್ಲಿ ಸೀರೆ ಉಟ್ಟು ನಡೆದರೆ ಅಂಗಡಿಗೆ ಅದಕ್ಕಿಂತ ದೊಡ್ಡ ಬೋರ್ಡು ಯಾವುದು?

ಸಂಜೆ ತಾರಸಿಯ ಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಸಿ ನಡೆಸುತ್ತಿದ್ದರು. ಅಕ್ಕಪಕ್ಕದ ಅಂಗಡಿಯವರು ಕುರ್ಚಿ ಹಾಕಿಕೊಂಡು, ಮಂಡಕ್ಕಿ ತಿನ್ನುತ್ತಾ ತೀರ್ಪು ಕೊಡುತ್ತಿದ್ದರು.

“ಸಾವ್ಕಾರ್ರೇ, ಹುಡುಗಿ ಒಳ್ಳೆ ಗೊಂಬಿ ನಿಂತಂಗೆ ನಿಲ್ತಾಳಲ್ರಿ. ಸ್ವಲ್ಪ ಬಳುಕ್ಬೇಕು.”

“ಗೊಂಬಿಗೆ ಉಡಿಸಿದ ಸೀರೇನೇ ಮೊದ್ಲು ಖರ್ಚಾಗೋದು, ತಿಳ್ಕೋರಿ” ಎಂದು ಅಪ್ಪಾಜಿ ನಗುತ್ತಿದ್ದರು.

ಅವರು ಕೆಟ್ಟವರಲ್ಲ. ನಿಜವಾಗಿಯೂ ಖುಷಿಯಲ್ಲಿದ್ದರು. ಗೆದ್ದವಳು ಒಂದು ವರ್ಷ ಬೆಂಗಳೂರಿನಲ್ಲಿದ್ದು ಚಾನೆಲ್ಲು ಹೇಳಿದ ಕಡೆ ಹೋಗಬೇಕು ಎಂಬ ಷರತ್ತು ಫಾರಮ್ಮಿನಲ್ಲಿತ್ತು. ನಾನು ಅದನ್ನು ದಿನಾ ಓದುತ್ತಿದ್ದೆ. ಬೇಡ ಎನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ.

ಫಾರಮ್ಮಿನಲ್ಲಿ ಮೈಯಳತೆಗೆ ಮೂರು ಖಾನೆಗಳಿದ್ದವು. ಮನೆಯಲ್ಲಿ ಅದನ್ನು ಜೋರಾಗಿ ಓದುವಂತೆಯೂ ಇರಲಿಲ್ಲ. ಅಮ್ಮ ಪಿಸುದನಿಯಲ್ಲಿ, “ಚಾಚಾನ ಪುಸ್ತಕದಾಗೆ ಇರ್ತೈತಲ್ಲ, ಹೋಗಿ ಬರಕೊಂಡು ಬಾ” ಅಂದಳು. ಮಹಡಿ ಹತ್ತಿದೆ. ಚಾಚಾ ಪುಟ ತಿರುವಿ, ನನ್ನ ಮುಖ ನೋಡದೆ ಮೂರು ಸಂಖ್ಯೆ ಓದಿದರು. ನಾನು ಬರೆದುಕೊಂಡೆ.

ಆಮೇಲೆ ಅವರು ಏನೋ ಹೇಳಿದರು. “ಇದು ಬಟ್ಟಿ ಅಳತಿ ಮತ್ತೆ. ನಾಲ್ಕು ಕಳದು ಬರೀಬೇಕು.” ಇಷ್ಟೇ. ಕೇಳಿಸಿಕೊಂಡು, ಪೆನ್ನು ಮುಚ್ಚಿ, ಮೆಟ್ಟಿಲು ಇಳಿದೆ. ಹಾಗಂತ ನನ್ನ ನೆನಪು. ಕಳೆಯಲಿಲ್ಲ. ಯಾಕೆಂದು ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಫೋಟೋ ನೋಡಿ ಚಾನೆಲ್ಲಿನವರು ಎಂಟು ಜನರಲ್ಲಿ ನನ್ನನ್ನೂ ಕರೆದರು. ಬೆಂಗಳೂರಿನ ಸ್ಟುಡಿಯೋದಲ್ಲಿ ನಮ್ಮ ನಮ್ಮ ಫಾರಮ್ಮಿನ ಅಳತೆಗೆ ಹೊಲಿದ ಎಂಟು ಗೌನುಗಳು ತೂಗುತ್ತಿದ್ದವು. ನನ್ನದು ನನ್ನ ಮೇಲೆ ನೇತಾಡಿತು. ಉಡುಪಿನ ಮನುಷ್ಯ ತಲೆ ಚಚ್ಚಿಕೊಂಡ. “ಯಾರ್ರೀ ನಿಮಗೆ ಅಳತೆ ಕೊಟ್ಟಿದ್ದು? ಇದರಲ್ಲಿ ಇನ್ನೊಬ್ಬರನ್ನ ಕೂರಿಸಬಹುದು!” ಬೆನ್ನಿನ ಉದ್ದಕ್ಕೂ ಪಿನ್ನು ಚುಚ್ಚಿ ಬಿಗಿ ಮಾಡಿ, ಬೆನ್ನು ತೋರಿಸಬೇಡಿ ಅಂದ. ಆದರೆ ವೇದಿಕೆಯ ತುದಿಗೆ ಹೋದವರು ತಿರುಗಲೇಬೇಕು. ತಿರುಗಿದೆ. ಯಾರೋ ನಕ್ಕರು... ಅಥವಾ ನಗಬಹುದೆಂದು ಕಾದಿದ್ದ ನನಗೆ ಹಾಗೆ ಕೇಳಿಸಿತು. ಮೊದಲ ಸುತ್ತಿನಲ್ಲೇ ಹೊರಬಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಶೇಂಗಾ ತಿಂದೆ. ಮೈಯೆಲ್ಲ ಹಗುರ. ಅಂಥ ರುಚಿಯ ಶೇಂಗಾ ಮತ್ತೆ ಸಿಕ್ಕಿಲ್ಲ. ಪಕ್ಕದಲ್ಲಿ ಅಪ್ಪಾಜಿ ದಾವಣಗೆರೆಯವರೆಗೂ ಮಾತಾಡಲಿಲ್ಲ.

ಮನೆಗೆ ಬಂದು ಮಾತಾಡಿದರು. “ಆ ಟೈಲರು ನನ್ ಮಗಳ ಭವಿಷ್ಯ ಹಾಳು ಮಾಡಿದ.” ನಾನು ಅಲ್ಲೇ ಇದ್ದೆ. ಒಂದು ವಾಕ್ಯ ಸಾಕಾಗಿತ್ತು. ಹೇಳಲಿಲ್ಲ. ಆ ವಾರದಿಂದ ಅಂಗಡಿಯ ಗಿರಾಕಿಗಳು ಮಹಡಿ ಹತ್ತುವುದು ನಿಂತಿತು. “ಅಳತೆ ತಪ್ಪಿಸೋ ಟೈಲರು” ಎಂಬ ಮಾತು ಪೇಟೆಯಲ್ಲಿ ಹಬ್ಬಿತು. ಅಳತೆಯೇ ಬದುಕಾದವರಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ಕೆಲವು ತಿಂಗಳಲ್ಲಿ ಚಾಚಾ ಮಿಷನ್ನನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಹರಿಹರಕ್ಕೆ, ಮಗಳ ಮನೆಗೆ ಹೋದರು. ಹೋಗುವಾಗ, ಅಳತೆಗೆಂದು ಕೊಟ್ಟಿದ್ದ ನನ್ನ ಹಳೆಯ ಚೂಡಿದಾರವನ್ನು ಇಸ್ತ್ರಿ ಮಾಡಿ, ಮಡಚಿ ಅಮ್ಮನ ಕೈಗೆ ಕೊಟ್ಟಿದ್ದರು. ನಾನು ಒಳಗಿನ ಕೋಣೆಯಲ್ಲಿದ್ದೆ. ಬಾಗಿಲಿಗೆ ಬರಲಿಲ್ಲ.

ಉಳಿದ ಏಳು ಜನರ ಕಥೆ ಈಚೆಗೆ ಗೊತ್ತಾಯಿತು. ಅವರಲ್ಲಿ ಒಬ್ಬಳು ವಾಟ್ಸಾಪ್ ಗುಂಪು ಮಾಡಿದ್ದಾಳೆ. ಗೆದ್ದವಳು ಎರಡು ಧಾರಾವಾಹಿಯಲ್ಲಿ ನಾಯಕಿಯ ತಂಗಿಯಾಗಿ, ಒಂದು ತುಪ್ಪದ ಜಾಹೀರಾತಿನಲ್ಲಿ ಸೊಸೆಯಾಗಿ, ಈಗ ತುಮಕೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಎರಡನೆಯವಳು ವಿಮಾನದಲ್ಲಿ ಕೆಲಸ ಮಾಡಿ ಬಿಟ್ಟಳು. ಒಬ್ಬಳು ತಾಲ್ಲೂಕು ಪಂಚಾಯಿತಿ ಸದಸ್ಯೆಯಾಗಿದ್ದಳು. ಮತ್ತೊಬ್ಬಳು ಇವತ್ತಿಗೂ ಆಡಿಷನ್ನಿಗೆ ಹೋಗುತ್ತಾಳೆ, ಈಗ ತಾಯಿಯ ಪಾತ್ರಗಳಿಗೆ. ಯಾರೋ ಹಳೆಯ ಕ್ಯಾಸೆಟ್ಟಿನಿಂದ ತೆಗೆದ ತುಣುಕನ್ನು ಗುಂಪಿಗೆ ಹಾಕಿದರು. ಹೆದರುತ್ತಲೇ ನೋಡಿದೆ. ನಾನು ತುದಿಗೆ ಬರುತ್ತೇನೆ, ತಿರುಗುವ ಮೊದಲೇ ದೃಶ್ಯ ಬದಲಾಗುತ್ತದೆ. ಪಿನ್ನು ಕಾಣುವುದೇ ಇಲ್ಲ. ಇಷ್ಟು ವರ್ಷ ಇಡೀ ರಾಜ್ಯ ನೋಡಿದೆ ಎಂದು ನಾನು ನಂಬಿದ್ದ ಬೆನ್ನನ್ನು ಯಾರೂ ನೋಡಿರಲಿಲ್ಲ.

ಹರಿಹರಕ್ಕೆ ನಾನು ಹೋದದ್ದು ಅದಕ್ಕೂ ಬಹಳ ಮೊದಲು, ಸ್ಪರ್ಧೆಯಾಗಿ ಏಳೆಂಟು ವರ್ಷಗಳ ನಂತರ. ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಗೆ ಅಷ್ಟು ವರ್ಷ ಬೇಕಾಯಿತು. ಚಾಚಾ ಮಗಳ ಮನೆಯ ಮುಂದಿನ ಕೋಣೆಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದರು. ಅಳತೆಯ ಬಟ್ಟೆ ಹೊಲಿಯುವುದನ್ನು ಬಿಟ್ಟಿದ್ದರು.

“ಬಾ ಬೇಟಿ, ಕೂಡು.” ಕನ್ನಡಕ ತೆಗೆದು ನೋಡಿದರು. “ನಿನ್ನ ಲೈಫು ನನ್ನಿಂದ ಕೆಡ್ತಲ್ಲವ್ವ.”

“ಇಲ್ಲ ಚಾಚಾ. ನೀವು ನಾಲ್ಕು ಕಳೀಬೇಕು ಅಂದಿದ್ರಿ. ನಾನೇ ಕಳೀಲಿಲ್ಲ.”

“ನಾ ಎಲ್ಲಿ ಅಂದೆ? ಹೇಳೋದು ಮರೆತಿದ್ದೆ. ಅದಕ್ಕೇ ಅಲ್ಲೇನು ಇಷ್ಟು ದಿನ ಒಳಗೊಳಗೇ...”

“ಅಂದಿದ್ರಿ. ನಂಗೆ ಹೋಗೋಕೇ ಇಷ್ಟ ಇರ್ಲಿಲ್ಲ. ಸೋತಿದ್ದಕ್ಕೆ ಬಸ್ಸಿನಾಗೆ ಖುಷಿಪಟ್ಟೆ.”

ಚಾಚಾ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ನಂತರ ಒಳಗೆ ಮುಖ ಮಾಡಿ ಮಗಳನ್ನು ಕೂಗಿದರು. “ಏ, ಚಾ ತಗೊಂಬಾರೇ! ಈ ಹುಡುಗಿ ನೋಡು, ಖುಷಿಯಾಗಿದ್ದಳಂತೆ! ನಾನು ಸುಮ್ನೆ ಅತ್ತು ಅತ್ತು ಕಣ್ಣಿನ ನಂಬರ್ ಏರಿಸ್ಕೊಂಡೆ!” ನಕ್ಕರು, ಕೆಮ್ಮು ಬರುವವರೆಗೂ ನಕ್ಕರು. ನಾನು ಅತ್ತೆ. ಚಹಾ ತಂದ ಮಗಳಿಗೆ ಯಾರನ್ನು ಸಮಾಧಾನ ಮಾಡಬೇಕೋ ತಿಳಿಯಲಿಲ್ಲ.

“ನಿಮ್ಮಪ್ಪಗೆ ಹೇಳಿದ್ದೀಯಾ?” ಎಂದು ಕೊನೆಗೆ ಕೇಳಿದರು.

ಅದೇ ಸಂಜೆ ಹೇಳಿದೆ. ಅಪ್ಪಾಜಿ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. “ಒಂದ್ ಮಾತು ಬ್ಯಾಡ ಅಂದಿದ್ರೆ ನಾ ಬಿಡ್ತಿರ್ಲಿಲ್ವೇನೇ?” ಅಷ್ಟೇ. ಮರುದಿನದಿಂದ ಫಾಲಿಗೆ, ಬ್ಲೌಸಿಗೆ ಬಂದ ಸೀರೆಗಳ ಗಂಟೊಂದು ಹರಿಹರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೋಗತೊಡಗಿತು. ಮೊದಲ ಗಂಟಿನ ಜೊತೆ ಅಪ್ಪಾಜಿ ತಾವೇ ಹೋಗಿದ್ದರು. ಅಲ್ಲಿ ಏನು ಮಾತಾಯಿತೋ, ಇಬ್ಬರೂ ಹೇಳಲಿಲ್ಲ. ಚಾಚಾ ಮತ್ತೆ ಹತ್ತಾರು ವರ್ಷ ಹೊಲಿದರು.

ಕಳೆದ ವರ್ಷ ಚಾಚಾ ತೀರಿಕೊಂಡರು. ಅಪ್ಪಾಜಿ ಕೋಲು ಊರಿಕೊಂಡು ಗಂಡಸರ ಜೊತೆ ಖಬರಸ್ತಾನಕ್ಕೆ ಹೋದರು. ನಾನು ಹರಿಹರದ ಮನೆಯಲ್ಲಿ ಚಾಚಾನ ಮಗಳ ಪಕ್ಕ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು.

“ಅಕ್ಕ, ಅಬ್ಬಾ ಬಂದವ್ರಿಗೆಲ್ಲ ಹೇಳ್ತಿದ್ರು. ‘ಸಾವ್ಕಾರ್ರ ಮಗಳ ಮುಖ ನೋಡಿದ್ ಕೂಡ್ಲೇ ಗೊತ್ತಾತು ಅವಳಿಗೆ ಮನಸ್ಸಿಲ್ಲ ಅಂತ, ಅದಕ್ಕೇ ನಾಲ್ಕಿಂಚು ಬೇಕಂತಲೇ ಹೆಚ್ಚು ಹೇಳಿ ಕಾಪಾಡಿದೆ’ ಅಂತ. ಹೌದಾ?”

ನನ್ನ ಮುಖವನ್ನು ಅವರು ನೋಡಿಯೇ ಇರಲಿಲ್ಲ. ಅಥವಾ ನಾನು ಬರೆಯಲು ತಲೆ ತಗ್ಗಿಸಿದಾಗ ನೋಡಿದ್ದರೋ... ಅದನ್ನು ಹೇಳಬಲ್ಲವರು ಈಗಿಲ್ಲ. ಕೊನೆಯ ವರ್ಷಗಳನ್ನು ಅವರು ತಪ್ಪಿತಸ್ಥರಾಗಿ ಕಳೆದಿರಲಿಲ್ಲ ಎನ್ನುವುದಷ್ಟೇ ಆಗ ನನಗೆ ತಿಳಿದದ್ದು. ಎದೆಯಲ್ಲಿ ಏನೋ ಸಡಿಲವಾಯಿತು.

“ಹೌದವ್ವ,” ಅಂದೆ. “ಕಾಪಾಡಿದ್ರು.”