ಜಗಲಿಯ ಮೇಲೆ ಕೆಂಪಾದ ಹೂವು

ಆಗೆಲ್ಲ ಶ್ರಾವಣ ಬಂತೆಂದರೆ ನಮ್ಮ ರಂಗಂಪೇಟೆಯ ಓಣಿಯಲ್ಲಿ ಬಿಳಿ ಹೂವಿಗೆ ಎಲ್ಲಿಲ್ಲದ ಬೇಡಿಕೆ. ನಸುಕಿನಲ್ಲಿ ಯಾರ ಅಂಗಳದಲ್ಲಿ ಯಾರು ಹೂವು ಹರಿದರೂ ಅದು ಕಳವಲ್ಲ, ದೇವರಿಗೆ ಎಂದರೆ ಮುಗಿಯಿತು. ತಡವಾಗಿ ಎದ್ದವರಿಗೆ ಬರೀ ಎಲೆ ಸಿಗುತ್ತಿತ್ತು. ಮನೆಮನೆಯಿಂದ ಶೇಂಗಾ ಹುರಿದ ವಾಸನೆ, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ಲಂಗದ ಉಡಿಯಲ್ಲಿ ಜೋಳದ ಅಳ್ಳು. ನಿಮ್ಮೂರಿನಲ್ಲೂ ಹೆಚ್ಚುಕಡಿಮೆ ಹೀಗೇ ಇದ್ದಿರಬೇಕು.

ನಾನಾಗ ನಾಲ್ಕನೆಯ ಇಯತ್ತೆ. ಅಪ್ಪನ ತಂಗಿ, ನಮ್ಮ ಅತ್ತಿ, ಹೆರಿಗೆಗೆಂದು ಶಹಾಪುರದಿಂದ ಬಂದಿದ್ದಳು. ಮೊದಲಿನ ಎರಡು ಬಸಿರು ನಿಂತಿರಲಿಲ್ಲ. ಈ ಸಲವಾದರೂ ಕೂಸು ಕೈಗೆ ಬರಲಿ ಎಂದು ಆಯಿ, ಅಂದರೆ ನನ್ನ ಅಪ್ಪನ ತಾಯಿ, ಶ್ರಾವಣದ ಸೋಮವಾರಗಳಲ್ಲಿ ಲಿಂಗಕ್ಕೆ ಬಿಳಿ ಹೂವನ್ನಷ್ಟೇ ಏರಿಸುವೆನೆಂದು ಹರಕೆ ಹೊತ್ತಿದ್ದಳು. ಬಿಳಿ ತಂಪು, ಕೆಂಪು ಕಾವು ಎಂಬುದು ಅವಳ ಲೆಕ್ಕ. ಹೂವು ತರುವ ಕೆಲಸ ನನ್ನದು. ಮೂಸಬಾರದು, ನೆಲಕ್ಕೆ ಬೀಳಿಸಬಾರದು, ಎಡಗೈಯಲ್ಲಿ ಹಿಡಿಯಬಾರದು. ಆ ಬುಟ್ಟಿ ಹಿಡಿದು ನಡೆಯುವಾಗ ನನಗೆ ಭಾರೀ ಗತ್ತು.

ಮೂರನೆಯ ಸೋಮವಾರ ನನಗೆ ಎಚ್ಚರವೇ ಆಗಲಿಲ್ಲ. ಹೋಗಿ ನೋಡಿದರೆ ಓಣಿಯ ಬಟ್ಟಲು ಹೂವಿನ ಗಿಡ, ಬಿಳಿ ಕಣಗಿಲೆ ಎಲ್ಲ ಬೋಳು. ಅಳು ಬಂತು. ಆಗ ಕಂಡಿದ್ದು ಮೈಮುನಾ ಖಾಲಾಳ ಅಂಗಳದ ಗಿಡ. ಖಾಲಾ ಬಟ್ಟೆ ಹೊಲಿಯುವವಳು, ವರ್ಷದ ಹಿಂದಷ್ಟೇ ಆ ಮನೆಗೆ ಬಾಡಿಗೆಗೆ ಬಂದಿದ್ದಳು. ಗಿಡ ನನ್ನಷ್ಟೇ ಎತ್ತರ. ಎಲೆ ನೋಡಿದರೆ ಹತ್ತಿ ಗಿಡ, ಹೂವಿನ ತುಂಬು ನೋಡಿದರೆ ಗುಲಾಬಿ, ಆದರೆ ಮುಳ್ಳಿಲ್ಲ. ಅಚ್ಚ ಬಿಳಿ. ಕೆಳಗಿನ ಟೊಂಗೆಗಳಲ್ಲಿ ಕೆಂಪಗೆ ಮುದುಡಿದ ಕೆಲವು ಉಂಡೆಗಳೂ ಇದ್ದವು. ಅವು ಏನೆಂದು ತಿಳಿಯದೆ ಬಿಟ್ಟೆ.

“ಹರ್ಕೋ ಬೇಟಿ, ದೇವರಿಗೇ ಅಲ್ಲ?” ಎಂದಳು ಖಾಲಾ.

“ಇದು ಯಾವ ಹೂವ್ರಿ ಖಾಲಾ?”

“ನಂಗೆಲ್ಲಿ ಗೊತ್ತು! ತವರಮನಿಯಿಂದ ಕಡ್ಡಿ ತಂದು ಊರೇನಿ, ಬೇರು ಹತ್ಯಾದ.”

ಆಯಿ ಬುಟ್ಟಿ ನೋಡಿ ಬೆರಗಾದಳು. “ಎಂಥಾ ಹೂವ ತಂದೀ ನೀಲಾ! ಹಾಲಿನಂಗ ಅದಾವ ನೋಡು,” ಎಂದು ತಲೆ ಸವರಿದಳು. ಒಳಗೆ ದೇವರ ಜಗಲಿಯ ಮೇಲಿನ ಲಿಂಗ ಕಾಣದಷ್ಟು ಏರಿಸಿದಳು. ನಾನು ಎದೆಯುಬ್ಬಿಸಿಕೊಂಡು ಸಾಲೆಗೆ ಹೋದೆ.

ಸಂಜೆ ಜೋಕಾಲಿ ಆಡುತ್ತಿದ್ದಾಗ ಒಳಗಿನಿಂದ ಆಯಿಯ ಕೂಗು ಕೇಳಿತು. ಓಡಿದೆ. ದೀಪ ಹಚ್ಚಲು ಬಂದವಳು ಕಡ್ಡಿಪೆಟ್ಟಿಗೆ ಹಿಡಿದು ನಿಂತೇ ಇದ್ದಾಳೆ. ಜಗಲಿಯ ಮೇಲೆ ಒಂದೂ ಬಿಳಿ ಹೂವಿಲ್ಲ. ಎಲ್ಲ ಕೆಂಪು, ಒಂದೊಂದೂ ಕೆಂಪು.

“ಮುಂಜಾನಿ ನನ್ನ ಕೈಯಾರ ಬಿಳಿ ಹೂವ ಏರಿಸೇನಿ,” ಎಂದಳು ಆಯಿ. “ರಕ್ತದ ಬಣ್ಣ ಆಗ್ಯಾವ. ದೇವರು ಏನ ಹೇಳಾಕತ್ತಾನ ನಂಗ?”

ಅತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು. “ಯವ್ವಾ, ಈ ಸಲನೂ…” ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ನಾನೇನಾದರೂ ಮೂಸಿದ್ದೆನೇ? ಎಡಗೈ ತಾಗಿತ್ತೇ? ಖಾಲಾ ಬಣ್ಣ ಹಾಕಿದ್ದಳೇ? ಹೂವು ತಂದವಳು ನಾನೇ, ಹಾಗಾದರೆ ಅತ್ತಿಯ ಕೂಸಿಗೆ ಏನಾದರೂ ಆದರೆ ಅದು ನನ್ನಿಂದಲೇ ಅಲ್ಲವೇ? ಅತ್ತಿ ಕುಸಿದು ಕೂತಳು. ಆಗ ನನ್ನ ಬಾಯಿಂದ ಅದು ಹೇಗೆ ಹೊರಟಿತೋ ಇವತ್ತಿಗೂ ಅರಿಯೆ.

“ನಾನೇ ಬದಲ ಮಾಡೇನಿ ಆಯಿ. ಕೆಂಪು ಚಂದ ಕಾಣ್ತಾವಂತ.”

ಅವ್ವನ ಏಟು ಬೆನ್ನಿಗೆ ಬಿತ್ತು. “ದೇವರ ಜೋಡಿ ಆಟ ಆಡ್ತೀಯೇನ?” ಎಂದು ಇನ್ನೊಂದು ಬಿತ್ತು. ಆದರೆ ಆಯಿ ನಿರಾಳವಾಗಿ ಉಸಿರು ಬಿಟ್ಟಿದ್ದನ್ನು ನಾನು ನೋಡಿದೆ. ಅತ್ತಿ ಅಳುತ್ತಲೇ ನಕ್ಕುಬಿಟ್ಟಳು. ರಾತ್ರಿ ಎರಡು ರೊಟ್ಟಿ ಉಂಡಳು. ನಾನು ಬೆನ್ನು ಸವರಿಕೊಳ್ಳುತ್ತ, ಆ ಹೂವು ಕೆಂಪಾದದ್ದಾದರೂ ಹೇಗೆ ಎಂದು ಯೋಚಿಸುತ್ತಲೇ ನಿದ್ದೆಹೋದೆ.

ಮುಂದಿನ ಐತವಾರ ಖಾಲಾಳ ಅಂಗಳದಲ್ಲಿ ಮುಂಜಾನೆಯಿಂದ ಕಾದು ಕೂತೆ. ಮುಂಜಾನೆ ಬಿಳಿ ಇದ್ದ ಹೂವು ಮಧ್ಯಾಹ್ನ ನಸುಗೆಂಪಾಯಿತು. ಕಣ್ಣುಜ್ಜಿಕೊಂಡೆ. ಹೊತ್ತು ಇಳಿಯುವಾಗ ಕಡುಗೆಂಪು. ಯಾರೂ ಮುಟ್ಟಿರಲಿಲ್ಲ.

“ಅದು ದಿನಾ ಹಂಗೇ ಬೇಟಿ,” ಎಂದಳು ಖಾಲಾ, ಮಶೀನಿನಿಂದ ತಲೆ ಎತ್ತದೆ. “ಬಿಳಿ ಇದ್ದಾಗ ಚಾ ಕುಡೀತೀನಿ, ಗುಲಾಬಿ ಆದಾಗ ಊಟ, ಕೆಂಪಾತು ಅಂದ್ರ ಮಶೀನ್ ಬಂದ್. ನಂಗ ಗಡಿಯಾರ ಯಾಕ ಬೇಕು?”

“ಹರಿದಿಟ್ರೂ ಕೆಂಪಾಗ್ತಾವೇನ್ರಿ?”

“ಹರಿದಿಟ್ರೂ ಆಗ್ತಾವ. ಅದಕ್ಕ ಅದರ ಹುಚ್ಚು ಬಿಡಂಗಿಲ್ಲ.”

ಓಡಿ ಹೋಗಿ ಆಯಿಗೆ ಹೇಳಬೇಕೆಂದು ಎದ್ದವಳು ಅರ್ಧ ಓಣಿಯಲ್ಲಿ ನಿಂತೆ. ಹೇಳಿದರೆ ನಾನು ಬದಲು ಮಾಡಿಲ್ಲ ಎಂದಾಗುತ್ತದೆ. ಆಯಿ ನಂಬದಿದ್ದರೆ? ಹೂವು ತಾನಾಗಿಯೇ ಕೆಂಪಾಯಿತೆಂದು ಮತ್ತೆ ಹೆದರಿದರೆ? ಅತ್ತಿ ಉಣ್ಣುವುದನ್ನೇ ಬಿಟ್ಟರೆ? ಕೂಸು ಹುಟ್ಟಲಿ, ಆಮೇಲೆ ಹೇಳೋಣ ಎಂದುಕೊಂಡೆ. ಗಣಪತಿ ಹಬ್ಬ ಕಳೆದ ಮೇಲೆ ಗಂಡು ಕೂಸು ಹುಟ್ಟಿತು, ಗುಂಡಗಿತ್ತು, ಕಿರುಚುತ್ತಿತ್ತು. ಆ ಸಂಭ್ರಮದಲ್ಲಿ ಹಳೆಯ ಹೂವಿನ ಮಾತು ಯಾರು ಎತ್ತುತ್ತಾರೆ? ನಾನೂ ಸುಮ್ಮನಾದೆ.

ಆದರೆ ಆಯಿ ಆ ಬುಟ್ಟಿಯನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ನಸುಕಿನಲ್ಲಿ ತಾನೇ ಎದ್ದು ಹೂಪತ್ರಿ ತರುತ್ತಿದ್ದಳು, ನಾನು ಜಗಲಿಯ ಹತ್ತಿರ ಹೋದರೆ ಅವಳ ಕಣ್ಣು ನನ್ನ ಕೈಯ ಮೇಲಿರುತ್ತಿತ್ತು. ಅದು ಅವ್ವನ ಏಟಿಗಿಂತ ಜೋರಾಗಿ ತಾಗಿತು. ಮರುವರ್ಷ ಖಾಲಾಳ ಗಂಡನಿಗೆ ಸೈದಾಪುರದಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದರು. ಮನೆಯ ಮಾಲಕರು ಗಿಡ ಕಡಿದು ಅಲ್ಲೊಂದು ಕೋಣೆ ಕಟ್ಟಿಸಿದರು.

ಕಾಲೇಜಿಗೆ ಬಂದ ಮೇಲೆ ಒಂದು ದಿನ ಧೈರ್ಯ ಮಾಡಿದೆ. ಆಯಿ ಬತ್ತಿ ಹೊಸೆಯುತ್ತಿದ್ದಳು. ಪಕ್ಕ ಕೂತು ಎಲ್ಲವನ್ನೂ ಹೇಳಿದೆ: ಬಿಳಿ, ನಸುಗೆಂಪು, ಕೆಂಪು, ಖಾಲಾಳ ಚಾ, ಊಟ. ಆಯಿ ಬತ್ತಿ ಕೆಳಗಿಟ್ಟು ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

“ಹೂವ ತಾನ ಬಣ್ಣ ಬದಲ ಮಾಡ್ತದೇನ ನೀಲಾ? ಸಣ್ಣಾಕಿ ಇದ್ದಾಗ ಏಟು ತಿಂದ್ರೂ ಖರೇ ಹೇಳಿದ್ದಿ. ಅದಕ್ಕ ನಾ ಮನಸಿನಾಗ ಎಷ್ಟು ಹಿಗ್ಗಿದ್ದೆ ಗೊತ್ತೇನ? ಈಗ ಓದಿದಾಕಿ ಆಗಿ ಸುಳ್ಳ ಯಾಕ ಹೇಳ್ತಿ, ಯವ್ವಾ?”

ತೋರಿಸಲು ಗಿಡವಿರಲಿಲ್ಲ. ಹೇಳಲು ಹೆಸರೂ ಗೊತ್ತಿರಲಿಲ್ಲ.

ಮೊನ್ನೆ ಯಾದಗಿರಿಯ ನರ್ಸರಿಯಲ್ಲಿ ಅದೇ ಎಲೆ ಕಂಡು ಫೋನಿನಲ್ಲಿ ಚಿತ್ರ ಹಿಡಿದೆ. ಬೆಟ್ಟದಾವರೆ ಎಂದು ಹೆಸರು ಬಂತು, ದಾಸವಾಳದ ಕುಲ, ಹಗಲಿನಲ್ಲಿ ಬಣ್ಣ ಬದಲಿಸುತ್ತದೆ ಎಂದು ವಿವರವೂ ಬಂತು. ಎಲ್ಲ ಸೇರಿ ಅರೆ ನಿಮಿಷ ಹಿಡಿಯಿತು. ಗಿಡ ತಂದು ಕುಂಡದಲ್ಲಿ ಹಚ್ಚಿದ್ದೇನೆ. ಆಯಿ ಹೋಗಿ ಒಂಬತ್ತು ವರ್ಷವಾಯಿತು. ಅವಳ ಪಾಲಿಗೆ ನಾನು ಇವತ್ತಿಗೂ ಒಂದು ಸಲ ಖರೆ ಹೇಳಿ, ಆಮೇಲೆ ಕೆಟ್ಟುಹೋದ ಹುಡುಗಿ.