ಓರಗಿತ್ತಿಗೆ ಕೊಟ್ಟ ಗೊಂಬೆಗಳು

ಟೈಲರಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು ಒಂದು ಹೊಲಿಗೆ ಯಂತ್ರ, ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಚಿಕ್ಕಂದಿನಿಂದ ಕೂಡಿಹಾಕಿದ ಬೆರಳುದ್ದದ ಗಾಜಿನ, ಪಿಂಗಾಣಿಯ ಗೊಂಬೆಗಳಿದ್ದವು: ಬಾತುಕೋಳಿ, ಕೊಡೆ ಹಿಡಿದ ಹುಡುಗಿ, ಕಿವಿ ಮುಕ್ಕಾದ ಮೊಲ. ಕೋಣೆಯ ಕಿಟಕಿಯಲ್ಲಿ ಸಾಲಾಗಿ ಜೋಡಿಸಿಟ್ಟಳು. ಒಂದು ಸಂಜೆ ಹೊಲಿಗೆ ಅಂಗಡಿಯಿಂದ ಬರುವಷ್ಟರಲ್ಲಿ ಕಿಟಕಿ ಬೋಳಾಗಿತ್ತು.

“ಕಸದವನಿಗೆ ಕೊಟ್ಟುಬಿಟ್ಟೆ ಕಣೇ,” ಎಂದಳು ಹಿರಿಯ ಓರಗಿತ್ತಿ, ಸೊಪ್ಪು ಬಿಡಿಸುತ್ತಲೇ. “ಅದರ ಧೂಳು ಒರೆಸೋರು ಯಾರು? ನೀನೇನು ಇನ್ನೂ ಎಳೆ ಮಗುನಾ?”

“ಅತ್ತಿಗೆ ದೊಡ್ಡೋರು, ಬಿಟ್ಹಾಕು,” ಎಂದ ಗಂಡ. ಬಿಟ್ಟುಹಾಕುವ ಜಾಯಮಾನ ಟೈಲರಮ್ಮನದಲ್ಲ.

ಬೇರೆ ಮನೆ ಮಾಡಿದ ಮೇಲೆ ಹಗೆ ತೀರಿಸತೊಡಗಿದಳು. ಓರಗಿತ್ತಿಯ ಹುಟ್ಟುಹಬ್ಬಕ್ಕೆ ನೆಂಟರಿಷ್ಟರು ಸೇರಿದ್ದಾಗ ಎಲ್ಲರೆದುರು ಒಂದು ಪೊಟ್ಟಣ ಬಿಚ್ಚಿದಳು. ಒಳಗಿದ್ದದ್ದು ಟೋಪಿ ಹಾಕಿದ, ಹೊಟ್ಟೆ ಉಬ್ಬಿದ ಹಸಿರು ಕಪ್ಪೆ.

“ನಿಮಗೇ ಅಂತ ಹುಡುಕಿ ತಂದೆ ಅಕ್ಕ.”

ಅಷ್ಟು ಜನರ ಮುಂದೆ ಬೇಡವೆನ್ನಲು ಓರಗಿತ್ತಿಗೆ ಬಾಯಿ ಬರಲಿಲ್ಲ. ಷೋಕೇಸಿನಲ್ಲಿ ಇಡದೆ ವಿಧಿಯೂ ಇರಲಿಲ್ಲ, ಟೈಲರಮ್ಮ ಯಾವಾಗ ಬಂದರೂ ಹೊಸ್ತಿಲಲ್ಲೇ ಕೇಳುತ್ತಿದ್ದಳು, “ನನ್ನ ಕಪ್ಪೆ ಎಲ್ಲಿ ಅಕ್ಕ?”

ಆಮೇಲೆ ಓರಗಿತ್ತಿಯ ಮಗ ಪಾಸಾದ, ಭಾವನಿಗೆ ಬಡ್ತಿ ಸಿಕ್ಕಿತು, ಗೋಡೆಗೆ ಬಣ್ಣ ಬಳಿಸಿದರು. ನೆವ ಸಿಕ್ಕರೆ ಸಾಕು, ಗೊಂಬೆ ಹಾಜರು. ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಇದ್ದುದರಲ್ಲೇ ವಿಕಾರವಾದದ್ದನ್ನು ಆರಿಸುತ್ತಿದ್ದಳು. ಧೂಳು ಕೂರುವ ಸಂದುಗೊಂದು ಜಾಸ್ತಿಯಿದ್ದರೆ ಇನ್ನೂ ಖುಷಿ. ಓರಗಿತ್ತಿ ಪ್ರತಿ ಭಾನುವಾರ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅವನ್ನು ತಿಕ್ಕುತ್ತಾ ಕೂರುತ್ತಾಳೆಂದು ಕೇಳಿ ಟೈಲರಮ್ಮನ ಹೊಟ್ಟೆ ತಣ್ಣಗಾಯಿತು.

ಹೀಗೇ ಇಬ್ಬರ ತಲೆಯೂ ನರೆಯಿತು. ಒಮ್ಮೆ ಟೈಲರಮ್ಮ ಹೋದಾಗ ಓರಗಿತ್ತಿ ಪಕ್ಕದ ಮನೆಯಾಕೆಗೆ ಕಪ್ಪೆಯನ್ನು ಎತ್ತಿ ತೋರಿಸುತ್ತಿದ್ದಳು. “ಇವನ ಮುಖ ನೋಡಿ. ಬೆಳಗ್ಗೆ ಎದ್ದು ಇವನನ್ನ ಮಾತಾಡಿಸದಿದ್ರೆ ನಂಗೆ ಸಮಾಧಾನಾನೇ ಇಲ್ಲ.”

ಟೈಲರಮ್ಮ ಹೊಸ್ತಿಲಲ್ಲೇ ನಿಂತಳು. ಇಷ್ಟು ಕಾಲ ತನ್ನ ಕೈಯಾರೆ ಅವಳಿಗೆ ಸುಖ ಬಡಿಸಿದಂತಾಯಿತಲ್ಲ.

ಮುಂದಿನ ಹುಟ್ಟುಹಬ್ಬಕ್ಕೆ ಸೇಬುಹಣ್ಣು ಒಯ್ದಳು. ಓರಗಿತ್ತಿ ಚೀಲದೊಳಗೆ ಇಣುಕಿ, ತಳದವರೆಗೂ ಕೈಯಾಡಿಸಿದಳು.

“ಇಷ್ಟೇನಾ?”

“ಇಷ್ಟೇ ಅಕ್ಕ.”

ಗೊಂಬೆ ಹುಡುಕುವ ಹುಚ್ಚು ಮಾತ್ರ ಟೈಲರಮ್ಮನನ್ನು ಬಿಡಲಿಲ್ಲ. ಈಗ ಚೆಂದದವನ್ನೇ ಆರಿಸಿ ತಂದು, ಹೊಲಿಗೆ ಕೋಣೆಯ ಗೋಡೆಗೆ ಹಲಗೆ ಹೊಡೆಸಿ ಜೋಡಿಸಿದಳು. ಗೋಡೆ ತುಂಬಿದ ಮೇಲೆ ಓರಗಿತ್ತಿಯನ್ನು ಊಟಕ್ಕೆ ಕರೆದಳು. ಕೋಲೂರಿಕೊಂಡು ಬಂದ ಮುದುಕಿ ನೀಲಿ ಗಾಜಿನ ಮೀನೊಂದರ ಮುಂದೆ ನಿಂತೇಬಿಟ್ಟಳು. ಅತ್ತ ಊಟ ಆರುತ್ತಿತ್ತು.

“ಇದೊಂದು ನಂಗೆ ಕೊಡ್ತೀಯೇನೇ?”

“ಇಲ್ಲ ಅಕ್ಕ.”

“ನಾಲ್ಕು ದಿನ ಇಟ್ಕೊಂಡು ವಾಪಸ್ ಕೊಡ್ತೀನಿ.”

“ನೋಡ್ಬೇಕು ಅನ್ಸಿದ್ರೆ ಇಲ್ಲಿಗೇ ಬನ್ನಿ.”

ಬಂದಳು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಬಸ್ಸು ಹತ್ತಿ, ವಾರವಾರವೂ ಬರತೊಡಗಿದಳು. ಟೈಲರಮ್ಮ ಕುರ್ಚಿ ಎಳೆದು ಕೂರಿಸುತ್ತಿದ್ದಳು, ಬಿಸಿಬಿಸಿ ಟೀ ಕೊಡುತ್ತಿದ್ದಳು. ಮೀನನ್ನು ಮುಟ್ಟಲು ಮಾತ್ರ ಬಿಡಲಿಲ್ಲ. ಮುದುಕಿಯ ಕೈ ಹಲಗೆಯತ್ತ ಚಾಚಿದಾಗಲೆಲ್ಲ ತುಳಿಯುತ್ತಿದ್ದ ಯಂತ್ರವನ್ನು ಗಕ್ಕನೆ ನಿಲ್ಲಿಸುತ್ತಿದ್ದಳು. ಕೈ ಮೆಲ್ಲಗೆ ಮಡಿಲಿಗೆ ಮರಳಿದ ಮೇಲೆಯೇ ಹೊಲಿಗೆ ಮುಂದುವರಿಯುತ್ತಿತ್ತು.